ನೋಂಪಿಯ ಹೊತ್ತಗೆ

ಪಾವಗಡದ ಸೀಮೆಗೆ ಜ್ಯೇಷ್ಠ ಮಾಸವೆಂದರೆ ಮುಗಿಲು ನೋಡುವ ತಿಂಗಳು. ಮೃಗಶಿರ ಮಳೆ ಹಿಡಿದರೆ ಕಡಲೆಕಾಯಿ ಬೀಜ ನೆಲಕ್ಕೆ ಬೀಳುತ್ತದೆ, ಇಲ್ಲವಾದರೆ ಉತ್ತ ಕೆಂಪು ಹೊಲ ಹಾಗೇ ಕಾದು ಕೂರುತ್ತದೆ. ಆ ಬಯಲಿನಲ್ಲಿ ನಿಡುಗಲ್ಲು ದುರ್ಗ ಸಮುದ್ರಮಟ್ಟದಿಂದ 3,772 ಅಡಿ ಎತ್ತರಕ್ಕೆ ಎದ್ದು ನಿಂತಿದೆ. ಬುಡದಲ್ಲಿ ಜಾಲಿ, ಮೇಲೇರಿದಂತೆ ಸೀತಾಫಲದ ಪೊದೆ, ಕತ್ತಾಳೆ, ಬಿಸಿಲಿಗೆ ಬಿಳಿಚಿದ ಬಾದೆಹುಲ್ಲು. ಬಂಡೆಯಿಂದ ಬಂಡೆಗೆ ಹಾಯ್ದ ಕೋಟೆಗೋಡೆ, ಮುರಿದ ಬಾಗಿಲುವಾಡ, ಒಂದು ಕಾಲದಲ್ಲಿ ಪಟ್ಟಣವಾಗಿದ್ದ ಇಳಿಜಾರಿನಲ್ಲಿ ಈಗ ಗುಡಿಗಳು ಮತ್ತು ಗಾಳಿ. ಮಧ್ಯಾಹ್ನದಲ್ಲಿ ಬಂಡೆ ಕಾದು ಅಂಗಾಲು ಸುಡುತ್ತದೆ. ಈ ತಾಲ್ಲೂಕಿಗೆ ಬಿಸಿಲಿನ ಬರ ಎಂದೂ ಇಲ್ಲ. ತಿರುಮಣಿಯ ಸುತ್ತ ಸಾವಿರಾರು ಎಕರೆಯಲ್ಲಿ ಸೌರಫಲಕಗಳನ್ನು ಹಾಸಿ ಆ ಬಿಸಿಲನ್ನೇ ಈಗ ಕರೆಂಟು ಮಾಡುತ್ತಿದ್ದಾರೆ.

ಈ ತಿಂಗಳ ಶುದ್ಧ ಪಂಚಮಿ ಜೈನರಿಗೆ ಶ್ರುತಪಂಚಮಿ. ಗಿರನಾರದ ಗುಹೆಯಲ್ಲಿದ್ದ ಮುದುಕ ಧರಸೇನಾಚಾರ್ಯರು ತಮ್ಮೊಂದಿಗೇ ಅಳಿದುಹೋಗಲಿದ್ದ ಆಗಮದ ತಿಳಿವನ್ನು ಪುಷ್ಪದಂತ, ಭೂತಬಲಿ ಎಂಬ ಇಬ್ಬರು ಎಳೆಯ ಮುನಿಗಳಿಗೆ ಹೇಳಿಕೊಟ್ಟರಂತೆ. ಬಾಯಿಂದ ಬಾಯಿಗೆ ಬಂದದ್ದನ್ನು ಆ ಇಬ್ಬರು ಮೊದಲ ಸಲ ಬರಹಕ್ಕೆ ಇಳಿಸಿದರು. ‘ಷಟ್ಖಂಡಾಗಮ’ ಮುಗಿದ ದಿನವೇ ಈ ಪಂಚಮಿ. ಬಸದಿಗಳಲ್ಲಿ ಅಂದು ಜಿನಬಿಂಬದ ಪಕ್ಕದಲ್ಲಿ ಹೊತ್ತಗೆಗೂ ಪೂಜೆ. ಕಟ್ಟು ಬಿಚ್ಚಿ, ಧೂಳು ಒರೆಸಿ, ಹೊಸ ಬಟ್ಟೆಯಲ್ಲಿ ಸುತ್ತಿ, ಗಂಧ ಅಕ್ಷತೆ ಏರಿಸುತ್ತಾರೆ. ಮಧುಗಿರಿಯ ಏಕಶಿಲಾ ಬೆಟ್ಟದ ಕೆಳಗೆ, ಊರೊಳಗೆ, ಮಲ್ಲಿನಾಥನ ಬಸದಿ ಇದೆ. ಸಂಜೆಯ ಹೊತ್ತು ಆ ಬೆಟ್ಟದ ನೆರಳು ವೆಂಕಟರಮಣ, ಮಲ್ಲೇಶ್ವರರ ಗುಡಿಗಳನ್ನು ದಾಟಿ ಊರಿನ ಮೇಲೆ ಚಾಚುವುದನ್ನು ನೋಡುತ್ತ ನಿಂತಾಗ, ಪುಸ್ತಕವನ್ನು ದೇವರ ಸಮಕ್ಕೆ ಕೂರಿಸಿದ ಜನ ಈ ಬರಡು ನೆಲದಲ್ಲಿ ಎಷ್ಟು ಹಿಂದಿನಿಂದ ಇದ್ದಾರೆಂದು ನೆನೆದು ನನಗೆ ಮೈ ಜುಮ್ಮೆನ್ನುತ್ತದೆ.

ನಿಡುಗಲ್ಲಿನ ಶಾಸನವೊಂದು ಅದನ್ನು ಇಸವಿ ಸಮೇತ ಹೇಳುತ್ತದೆ. 1232. ಹೆಂಜೇರಿನಿಂದ, ಅಂದರೆ ಈಗ ಆಂಧ್ರದ ಗಡಿಯಾಚೆಗೆ ಸೇರಿದ ಹೇಮಾವತಿಯಿಂದ, ಈ ಸೀಮೆಯನ್ನು ಆಳಿದ ಚೋಳರ ಮನೆತನದ ಇರುಂಗೋಳ ಇಲ್ಲಿ ಅರಸು. ಬೆಟ್ಟಕ್ಕೆ ಆಗ ಕಾಳಾಂಜನವೆಂಬ ಹೆಸರೂ ಇತ್ತು. ಅವನ ಅಧಿಕಾರಿ ಗಂಗೇಯನ ಮಾರೆಯ ಬೆಟ್ಟದ ಮೇಲಿನ ಬದರ ಸರೋವರದ ತೆಂಕಣ ದಿಕ್ಕಿಗೆ ಪಾರ್ಶ್ವನಾಥನಿಗೊಂದು ಬಸದಿ ಕಟ್ಟಿಸುತ್ತಾನೆ. ನಿತ್ಯಪೂಜೆಗೆಂದು ಅರಸ ಭೂಮಿ ಬಿಡುತ್ತಾನೆ. ಮಾರೆಯನಿಗೆ ವ್ರತ ಕೊಟ್ಟ ಗುರುಗಳ ಪರಂಪರೆಯನ್ನು ಶಾಸನ ಹೇಳುತ್ತದೆ: ಮೂಲಸಂಘ, ದೇಸಿಯಗಣ, ಕೊಂಡಕುಂದಾನ್ವಯ, ಪುಸ್ತಕದ ಹೆಸರನ್ನೇ ಹೊತ್ತ ಪುಸ್ತಕಗಚ್ಛ. ಆ ಸಾಲಿನಲ್ಲಿ ಬರುವ ಒಂದು ಹೆಸರು ಪದ್ಮಪ್ರಭ ಮಲಧಾರಿದೇವ.

ಬೆಟ್ಟದಿಂದ ಇಳಿದು ಗಡಿ ದಾಟಿದರೆ ಮಡಕಶಿರಾ ತಾಲ್ಲೂಕು. ಊರಿನ ಹಲಗೆಗಳ ಲಿಪಿ ಬದಲಾಗುತ್ತದೆ, ಮಾತು ಬಹಳ ಕಡೆ ಕನ್ನಡವೇ. ಅಲ್ಲಿಯ ಪಾಟಶಿವರಂ ಎಂಬ ಊರಿನ ಕಂಬದ ಮೇಲೆ ಈ ಪದ್ಮಪ್ರಭರು 1185ರಲ್ಲಿ ತೀರಿಕೊಂಡ ಸಂಗತಿ ಕೊರೆದಿದೆ. ಕೊಂಡಕುಂದಾಚಾರ್ಯರ ‘ನಿಯಮಸಾರ’ಕ್ಕೆ ‘ತಾತ್ಪರ್ಯವೃತ್ತಿ’ ಎಂಬ ಸಂಸ್ಕೃತ ಟೀಕೆ ಬರೆದವರು ಇವರು. 187 ಗಾಹೆಗಳ ಆ ಪುಟ್ಟ ಗ್ರಂಥವನ್ನು ಜೈನರು ಇಂದಿಗೂ ಈ ಟೀಕೆಯ ಕೈಹಿಡಿದೇ ಓದುತ್ತಾರೆ. ಮಾಡಿದ್ದಕ್ಕೆ ಮರುಗುವ ಪ್ರತಿಕ್ರಮಣ, ಮುಂದೆ ಮಾಡೆನೆಂಬ ಪ್ರತ್ಯಾಖ್ಯಾನ, ಒಳಗನ್ನು ಬಿಚ್ಚಿಡುವ ಆಲೋಚನೆ, ಭಕ್ತಿ, ದಿನದಿನದ ಆವಶ್ಯಕ — ಹೀಗೆ ಒಬ್ಬ ಸಾಧಕನ ದಿನವನ್ನೇ ಅದು ಒಳಗಿನಿಂದ ಅಳೆಯುತ್ತದೆ. ಪದ್ಮಪ್ರಭರ ಹೆಸರಿನಲ್ಲಿ ಪಾರ್ಶ್ವನಾಥನ ಸ್ತೋತ್ರವೊಂದೂ ಇದೆ. ಇನ್ನೂ ಸ್ವಲ್ಪ ಮುಂದೆ ಅಮರಾಪುರ. 1278ರಲ್ಲಿ ಮಲ್ಲಿಸೆಟ್ಟಿ ಎಂಬವನು ತಮ್ಮಡಹಳ್ಳಿಯಲ್ಲಿದ್ದ 2,000 ಅಡಿಕೆ ಮರಗಳನ್ನು ಬ್ರಹ್ಮಜಿನಾಲಯಕ್ಕೆ ಬಿಟ್ಟುಕೊಟ್ಟನೆಂದು ಅಲ್ಲಿಯ ಶಾಸನ ಹೇಳುತ್ತದೆ. ಬಸದಿಯನ್ನು ಬುನಾದಿಯಿಂದ ಶಿಖರದವರೆಗೆ ಕಲ್ಲಿನಲ್ಲಿ ಕಟ್ಟಬೇಕು ಎಂಬುದು ಅದರ ಉದ್ದೇಶ. ಇಂದು ಆ ಸೀಮೆಯ ಬಿಸಿಲಲ್ಲಿ ನಿಂತು 2,000 ಅಡಿಕೆ ಮರಗಳನ್ನು ಕಣ್ಣಮುಂದೆ ತಂದುಕೊಳ್ಳುವುದೇ ಒಂದು ಕೆಲಸ. ಅಲ್ಲಿಯ ಗುರುವೂ ಪುಸ್ತಕಗಚ್ಛದವರೇ.

ಕಲ್ಲಿನ ಮೇಲೆ ಇಷ್ಟು ಓದಿದ ಮೇಲೆ, ಆ ಜನ ಕೈಯಲ್ಲಿ ಹಿಡಿದು ಓದಿದ ಹೊತ್ತಗೆ ಹೇಗಿತ್ತು ಎಂದು ನೋಡುವ ಆಸೆ ಹುಟ್ಟದೆ ಇರದು. ಅದಕ್ಕೆ ಪಾವಗಡದಿಂದ ಘಟ್ಟ ಇಳಿದು ಮೂಡುಬಿದಿರೆಗೆ ಹೋಗಬೇಕು. ಅದಕ್ಕೂ ಮೊದಲು ಇನ್ನೊಂದು ದೇಶದ ಇನ್ನೊಂದು ಹೊತ್ತಗೆಯನ್ನು ಇಲ್ಲಿ ತೆರೆದಿಡುತ್ತೇನೆ. ಒಂದರ ಬೆಳಕಿನಲ್ಲಿ ಇನ್ನೊಂದು ಚೆನ್ನಾಗಿ ಕಾಣುತ್ತದೆ.

ಯೂರೋಪಿನಲ್ಲಿ 13ನೆಯ ಶತಮಾನದಿಂದ 16ನೆಯ ಶತಮಾನದವರೆಗೆ ಉಳ್ಳವರ ಮನೆಗಳಲ್ಲಿ ಒಂದು ಬಗೆಯ ಪ್ರಾರ್ಥನಾ ಪುಸ್ತಕ ಇರುತ್ತಿತ್ತು. ಬುಕ್ ಆಫ್ ಅವರ್ಸ್ ಎನ್ನುತ್ತಾರೆ. ಮಠದ ಸನ್ಯಾಸಿಗಳು ನಡುರಾತ್ರಿಯಿಂದ ಮರುರಾತ್ರಿಯವರೆಗೆ ಎಂಟು ಹೊತ್ತು ಮಾಡುವ ಪ್ರಾರ್ಥನೆಯನ್ನು ಗೃಹಸ್ಥರೂ ತಮ್ಮ ಮನೆಯಲ್ಲಿ ಮಾಡಲೆಂದು ಹುಟ್ಟಿದ ಪುಸ್ತಕ ಅದು. ಮೊದಲಿಗೆ ಹನ್ನೆರಡು ತಿಂಗಳ ಪಂಚಾಂಗ, ದೊಡ್ಡ ಹಬ್ಬಗಳ ಹೆಸರು ಕೆಂಪಿನಲ್ಲಿ ಇಲ್ಲವೇ ಚಿನ್ನದಲ್ಲಿ. ಆಮೇಲೆ ಮೇರಿಯ ಹೊತ್ತುಹೊತ್ತಿನ ಪ್ರಾರ್ಥನೆಗಳು, ಪಶ್ಚಾತ್ತಾಪದ ಏಳು ಕೀರ್ತನೆಗಳು, ಕೊನೆಗೆ ಸತ್ತವರಿಗಾಗಿ ಮಾಡುವ ಪ್ರಾರ್ಥನೆ. ಹಾಳೆ ಕರುವಿನದೋ ಕುರಿಯದೋ ಹದಮಾಡಿದ ಚರ್ಮ. ಚಿತ್ರಕಾರ ಮೊದಲು ಸುಣ್ಣದ ಮೆತ್ತೆ ಕೊಟ್ಟು, ಅದರ ಮೇಲೆ ಚಿನ್ನದ ಎಲೆ ಅಂಟಿಸಿ, ನುಣುಪು ಕಲ್ಲಿನಲ್ಲೋ ನಾಯಿಯ ಹಲ್ಲಿನಲ್ಲೋ ಉಜ್ಜುತ್ತಿದ್ದ. ಬತ್ತಿಯ ದೀಪದೆದುರು ಹಾಳೆ ವಾಲಿಸಿದರೆ ಚಿನ್ನ ಹೊತ್ತಿಕೊಂಡಂತೆ ಬೆಳಗುತ್ತಿತ್ತು. ಮೇರಿಯ ಸೆರಗಿನ ನೀಲಿಗೆ ಬೇಕಾದ ಕಲ್ಲು, ನಮ್ಮವರು ರಾಜಾವರ್ತವೆಂದು ಕರೆದದ್ದು, ಅಫ್ಘಾನಿಸ್ತಾನದ ಬದಖ್ಶಾನದ ಗಣಿಗಳಿಂದ ಹೋಗುತ್ತಿತ್ತು.

ಅವುಗಳಲ್ಲೆಲ್ಲ ಹೆಸರಾದದ್ದು ಫ್ರಾನ್ಸಿನ ಬೆರ್ರಿಯ ಡ್ಯೂಕನಿಗಾಗಿ ಲಿಂಬೂರ್ಗ್ ಸಹೋದರರು ಬರೆದದ್ದು. ಫೆಬ್ರವರಿಯ ಪುಟದಲ್ಲಿ ಹಿಮ ಕವಿದ ಹಳ್ಳಿ, ಒಲೆಯೆದುರು ಮೈ ಕಾಯಿಸಿಕೊಳ್ಳುವ ಒಕ್ಕಲು ಮಂದಿ, ಹೊರಗೆ ಕುರಿದೊಡ್ಡಿ. 1416ರಲ್ಲಿ ಡ್ಯೂಕನೂ ಆ ಅಣ್ಣತಮ್ಮಂದಿರೂ ಒಂದೇ ವರ್ಷದಲ್ಲಿ ತೀರಿಹೋದರು, ಪುಸ್ತಕ ಅರ್ಧಕ್ಕೇ ನಿಂತಿತು. ಆದರೆ ನನ್ನ ಮನಸ್ಸು ಹೋಗುವುದು ಅದಕ್ಕಿಂತ ಹಳೆಯ, ತೀರ ಚಿಕ್ಕ ಪುಸ್ತಕವೊಂದರ ಕಡೆಗೆ. ಫ್ರಾನ್ಸಿನ ರಾಣಿ ಝಾನ್ ದೆವ್ರ್ಯೂಗಾಗಿ 1324ರಿಂದ 1328ರ ನಡುವೆ ಝಾನ್ ಪ್ಯೂಸೆಲ್ ಎಂಬ ಚಿತ್ರಕಾರ ಮಾಡಿಕೊಟ್ಟದ್ದು. ಈಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿದೆ. ಅಂಗೈಯಷ್ಟೂ ಇಲ್ಲ, 209 ಹಾಳೆ. ದೇವದೂತ ಮೇರಿಗೆ ಸುದ್ದಿ ತಂದ ಚಿತ್ರದ ಕೆಳಗೆ, ಪ್ರಾರ್ಥನೆಯ ಮೊದಲ ಅಕ್ಷರದ ಹೊಟ್ಟೆಯೊಳಗೆ, ರಾಣಿ ಮಂಡಿಯೂರಿ ಪುಸ್ತಕ ಹಿಡಿದು ಓದುತ್ತಿದ್ದಾಳೆ. ಓದುವವಳು ತೆರೆದ ಪುಟದಲ್ಲಿ ಅವಳೇ ಓದುತ್ತ ಕೂತಿದ್ದಾಳೆ. ಇಂಥ ಪುಸ್ತಕಗಳು ಬಹುಮಟ್ಟಿಗೆ ಹೆಣ್ಣುಮಕ್ಕಳ ಕೈಯವು. ಮದುವೆಯ ಉಡುಗೊರೆಯಾಗಿ ಬಂದು, ತಾಯಿಯಿಂದ ಮಗಳಿಗೆ ಇಳಿದು, ಅಂಚಿನ ಖಾಲಿ ಜಾಗದಲ್ಲಿ ಮಕ್ಕಳು ಹುಟ್ಟಿದ ದಿನ ಬರೆಸಿಕೊಂಡು ಹಳೆಯದಾದವು.

ಇನ್ನು ಘಟ್ಟ ಇಳಿಯೋಣ.

ಮೂಡುಬಿದಿರೆಯ ಗುರುಬಸದಿಗೆ ಸಿದ್ಧಾಂತ ಬಸದಿ ಎಂಬ ಹೆಸರು ಬಂದದ್ದೇ ಅಲ್ಲಿದ್ದ ಗರಿಗಳಿಂದ. ಷಟ್ಖಂಡಾಗಮಕ್ಕೆ ವೀರಸೇನಾಚಾರ್ಯರು 816ರಲ್ಲಿ ಮುಗಿಸಿದ ‘ಧವಲಾ’ ಟೀಕೆ; ಗುಣಧರರ ‘ಕಸಾಯಪಾಹುಡ’ಕ್ಕೆ ಅವರು ಆರಂಭಿಸಿ ಶಿಷ್ಯ ಜಿನಸೇನರು 837ರಲ್ಲಿ ಪೂರೈಸಿದ ‘ಜಯಧವಲಾ’; ಭೂತಬಲಿಯವರದೇ ಆದ ‘ಮಹಾಬಂಧ’, ವಾಡಿಕೆಯಲ್ಲಿ ಮಹಾಧವಲ. ಧವಲಾ ಒಂದೇ 72,000 ಶ್ಲೋಕಗಳಷ್ಟು ಗಾತ್ರದ್ದು. ಭಾಷೆ ಪ್ರಾಕೃತ, ಸಂಸ್ಕೃತ, ಅಕ್ಷರ ಹಳಗನ್ನಡದ್ದು. 12ನೆಯ ಶತಮಾನದಲ್ಲಿ ಬರೆದ ಆ ಪ್ರತಿಗಳು ಮಾತ್ರ ಲೋಕದಲ್ಲಿ ಉಳಿದಿದ್ದವು.

ಗರಿ ಎಂದರೆ ನಮ್ಮ ಕಡೆಯವರಿಗೆ ಕಂಟದಲ್ಲಿ ಕೊರೆದು ಮಸಿ ಒರೆಸಿದ ತಾಳೆಯೋಲೆ ಕಣ್ಣಿಗೆ ಬರುತ್ತದೆ. ಇವು ಹಾಗಲ್ಲ. ಕರಾವಳಿಯಲ್ಲಿ ಬೆಳೆಯುವ ಶ್ರೀತಾಳೆಯ ಅಗಲವಾದ, ಎರಡು ಅಡಿಗೂ ಮೀರಿ ಉದ್ದದ ಗರಿ. ಅದರ ಮೇಲೆ ಅರಗಿನ ಶಾಯಿಯಲ್ಲಿ ಲೇಖನಿ ಹಿಡಿದು ಬರೆದದ್ದು. ಆದ್ದರಿಂದ ಅಕ್ಷರಗಳಿಗೆ ಕೊರೆತದ ಬಿಗುವಿಲ್ಲ, ಹರಿವಿದೆ. ದುಂಡು ದುಂಡಾಗಿ, ಒತ್ತೊತ್ತಾಗಿ, ಗರಿಯ ನಾರಿನ ಜೊತೆಗೇ ಓಡುತ್ತವೆ. ದಾರ ಪೋಣಿಸುವ ತೂತುಗಳ ಸುತ್ತ ಬರಹ ಸರಿದು ಜಾಗ ಬಿಟ್ಟಿದೆ. ಆ ಜಾಗದಲ್ಲಿ ಬಳ್ಳಿ, ಹೂವು, ಚಕ್ರ, ಹೆಣಿಗೆ. ಕೆಲವು ಗರಿಗಳ ನಡುವೆಯೂ ತುದಿಗಳಲ್ಲೂ ಚಿತ್ರದ ಚೌಕಗಳು. ಬಣ್ಣ ಕೆಲವೇ: ಕೆಂಪು, ಹಳದಿ, ನೀಲಿ, ಹಸಿರು, ಬಿಳಿ, ಗೆರೆಗೆ ಕಪ್ಪು.

ಎರಡು ಮೂರು ಬೆರಳಗಲದ ಆ ಪಟ್ಟಿಯಲ್ಲಿ ಎಷ್ಟು ಜನ! ಹೆಡೆಗಳ ನೆರಳಲ್ಲಿ ಪಾರ್ಶ್ವನಾಥ. ಬಳ್ಳಿ ಸುತ್ತಿಕೊಂಡ ಬಾಹುಬಲಿ, ಅವನ ಎರಡು ಬದಿಗೆ ಬ್ರಾಹ್ಮಿ, ಸುಂದರಿ. ಮಾವಿನ ಮರದ ಕೆಳಗೆ ಮಕ್ಕಳೊಡನೆ ಅಂಬಿಕೆ, ಜೊತೆಗೆ ಸಿಂಹ. ಶ್ರುತದೇವಿ, ಯಕ್ಷರು, ಯಕ್ಷಿಯರು. ಕೈಮುಗಿದು ಕೂತ ಶ್ರಾವಕ ಶ್ರಾವಕಿಯರು. ಗುಜರಾತಿನ ಜೈನ ಚಿತ್ರಗಳಲ್ಲಿ ಮುಖ ಅರ್ಧ ತಿರುಗಿದ್ದರೂ ಆಚೆಯ ಕಣ್ಣು ಕೆನ್ನೆಯನ್ನು ದಾಟಿ ಗಾಳಿಯಲ್ಲಿ ನಿಲ್ಲುತ್ತದೆ. ಇಲ್ಲಿ ಆ ಪದ್ಧತಿಯಿಲ್ಲ. ಮೈ ತುಂಬಿಕೊಂಡಿದೆ, ಗೆರೆ ಬಾಗುತ್ತದೆ, ನಿಲುವು ಹೊಯ್ಸಳರ ಕಾಲದ ಶಿಲ್ಪವನ್ನು ನೆನಪಿಗೆ ತರುತ್ತದೆ. ಹೊಯ್ಸಳರ ಗುಡಿಗಳ ಗೋಡೆಯ ಮೇಲೆ ಆ ಕಾಲದ ಬಣ್ಣ ನಮಗೆ ಉಳಿದಿಲ್ಲವೆಂಬಷ್ಟು ವಿರಳ. ಬೇಲೂರು ಹಳೇಬೀಡಿನ ಕಲ್ಲುಗಳ ಓರಗೆಯ ಚಿತ್ರಕಾರನ ಕುಂಚದ ಗುರುತು ಬೇಕೆಂದರೆ ಈ ಗರಿಗಳಿಗೇ ಬರಬೇಕು. ಚಿನ್ನದ ಹೊಳಪು ಇವಕ್ಕಿಲ್ಲ. ಕಣ್ಣನ್ನು ತೀರ ಹತ್ತಿರಕ್ಕೆ ಕರೆದುಕೊಳ್ಳುವ ಬಣ್ಣ ಇವುಗಳದು; ಎಣ್ಣೆದೀಪದ ಮುಂದೆ, ಮಂಡಿಯ ಮೇಲೆ ಗರಿ ಇಟ್ಟುಕೊಂಡು, ಒಂಟಿಯಾಗಿ ನೋಡಬೇಕಾದ್ದು.

ಇವನ್ನು ಬರೆಸಿದವರು ಯಾರು? ಧವಲಾ ಪ್ರತಿಯ ಕೊನೆಯ ಪ್ರಶಸ್ತಿ ಬರಹದಲ್ಲಿ ದೇಮಿಯಕ್ಕ ಎಂಬ ಹೆಸರಿದೆ. ಮಂಡಲಿನಾಡಿನ ಭುಜಬಲಗಂಗ ಪೆರ್ಮಾಡಿದೇವನ ಅತ್ತೆ. ಶ್ರುತಪಂಚಮಿಯ ನೋಂಪಿ, ಅಂದರೆ ವ್ರತ, ಹಿಡಿದು, ಅದನ್ನು ಮುಗಿಸುವ ಉದ್ಯಾಪನೆಯಲ್ಲಿ ಈ ಗ್ರಂಥವನ್ನು ಬರೆಸಿ ಬನ್ನಿಕೆರೆಯ ಚೈತ್ಯಾಲಯದ ಶುಭಚಂದ್ರ ಸಿದ್ಧಾಂತದೇವರಿಗೆ ದಾನಕೊಟ್ಟಳು. ಶುಭಚಂದ್ರರು 1123ರಲ್ಲಿ ತೀರಿಕೊಂಡರೆಂದು ಶ್ರವಣಬೆಳಗೊಳದ ಶಾಸನ ಹೇಳುವುದರಿಂದ ಗರಿಗಳು ಅದಕ್ಕೂ ಹಿಂದಿನವು. ಮಹಾಬಂಧದ ಪ್ರತಿಯ ಕೊನೆಯಲ್ಲಿ ಇನ್ನೊಬ್ಬಳು: ಶಾಂತಿಸೇನ ಅರಸನ ಮಡದಿ ಮಲ್ಲಿಕಬ್ಬೆ. ಅವಳದೂ ಪಂಚಮಿಯ ನೋಂಪಿಯೇ, ದಾನ ಮಾಘನಂದಿ ಮುನಿಗಳಿಗೆ. ಫ್ರಾನ್ಸಿನ ರಾಣಿ ತನ್ನ ಪುಟ್ಟ ಪುಸ್ತಕ ತೆರೆಯುವುದಕ್ಕೆ ಇನ್ನೂರು ವರ್ಷ ಮುಂಚೆ ನಮ್ಮ ಈ ಹೆಣ್ಣುಮಕ್ಕಳು ಉಪವಾಸದ ದಿನಗಳನ್ನು ಗರಿಗಳಾಗಿ ಮಾಡಿದ್ದರು. ರಾಣಿಯ ಪುಸ್ತಕ ರಾಣಿಯ ಬಳಿಯೇ ಉಳಿಯುವಂಥದು. ದೇಮಿಯಕ್ಕನದು ಬರೆದು ಮುಗಿದ ದಿನವೇ ಅವಳ ಕೈಬಿಟ್ಟು ಹೋಗಬೇಕಾದದ್ದು. ನನ್ನ ಮಟ್ಟಿಗೆ ಈ ಚಿತ್ರಗಳ ಚೆಲುವೆಲ್ಲ ಅಲ್ಲಿಂದ ಬಂದಿದೆ: ತನಗೆಂದು ಇಟ್ಟುಕೊಳ್ಳದ ವಸ್ತುವಿಗೆ ಅವಳು ಇಷ್ಟು ಬಣ್ಣ ಹಾಕಿಸಿದಳು. ಬೆರ್ರಿಯ ಡ್ಯೂಕನ ಹೆಸರು ಗೊತ್ತಿರುವ ಕನ್ನಡ ಓದುಗರು ಬೇಕಾದಷ್ಟು ಜನ ಇದ್ದಾರೆ. ದೇಮಿಯಕ್ಕನ ಹೆಸರು ಎಷ್ಟು ಮಂದಿಗೆ ಗೊತ್ತು ಎಂದು ಕೇಳಿಕೊಂಡಾಗ ನನಗೆ ಸಂಕಟವಾಗುತ್ತದೆ.

ಬನ್ನಿಕೆರೆ ಕರಾವಳಿಯ ಊರಲ್ಲ, ಘಟ್ಟದ ಮೇಲಿನದು. ಅಂದರೆ ಬರೆಸಿದ್ದು ಮೇಲುನಾಡು, ಕಾಪಾಡಿದ್ದು ಕೆಳನಾಡು. ಗರಿ ಘಟ್ಟ ಹತ್ತಿಬಂದಿತು, ಬರಹ ಹೊತ್ತು ಮತ್ತೆ ಇಳಿಯಿತು. ಶಾಯಿಯ ಅರಗಾದರೋ ಒಣನಾಡಿನ ಫಸಲು. ಜಾಲಾರಿ, ಮುತ್ತುಗ, ಬೋರೆಯ ಮರಗಳ ಎಳೆಗೊಂಬೆಗೆ ಮುತ್ತಿಕೊಂಡು ಹುಳು ಅರಗು ಕಟ್ಟುತ್ತದೆ, ಕೊರಟಗೆರೆಯ ಕುರುಚಲು ಕಾಡಿಗೆ ಈ ಮರಗಳೇನೂ ಹೊಸವಲ್ಲ. ಸಿದ್ದರಬೆಟ್ಟಕ್ಕೆ ಮೂಲಿಕೆಗೆಂದು ಹೋಗುವವರು ಕಾಲುದಾರಿಯ ಪಕ್ಕದ ಕೊಂಬೆಗಳನ್ನು ಒಮ್ಮೆ ತಲೆಯೆತ್ತಿ ನೋಡಬೇಕು.

ಶ್ರೀತಾಳೆ ಬೆಳೆಯದ ನಮ್ಮ ನೆಲ ತನ್ನದೇ ಹೊತ್ತಗೆಯನ್ನೂ ಮಾಡಿಕೊಂಡಿತ್ತು. ಕಡತ. ಒರಟು ಬಟ್ಟೆಗೆ ಹುಣಸೆಬೀಜದ ಸರಿ ಮತ್ತು ಇದ್ದಿಲ ಪುಡಿ ಕಲಸಿ ಬಳಿದು, ಒಣಗಿಸಿ, ಉಜ್ಜಿ, ಹಲಗೆಯಂತೆ ಕಪ್ಪಾಗಿಸಿ ಮಡಿಕೆ ಮಡಿಕೆಯಾಗಿ ಮಡಿಸಿಡುವುದು; ಮೇಲೆ ಬಳಪದಲ್ಲಿ ಬರೆಯುವುದು. ಸಿರಾದಿಂದ ಯಾವ ದಿಕ್ಕಿಗೆ ಹೊರಟರೂ ಹುಣಸೆಮರಗಳ ಸಾಲು, ಬೀಜಕ್ಕೇನು ಬಡತನ. ಶಾನುಭೋಗರ ಲೆಕ್ಕವೆಲ್ಲ ಕಡತದಲ್ಲೇ. ಮೈಸೂರಿನ ಇತಿಹಾಸ ಬರೆದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಇದನ್ನು ಕಂಡು ವಿವರಿಸಿದ್ದಾನೆ. ಶೃಂಗೇರಿ ಮಠದ ಕಡತಗಳು ಅಚ್ಚಾಗಿಯೂ ಬಂದಿವೆ. ಇದೇ ಸಿರಾ 1687ರಿಂದ ಮೊಗಲರ ಸುಬಾ ಆಗಿತ್ತು. 1696ರ ಅಲ್ಲಿಯ ಜುಮ್ಮಾ ಮಸೀದಿಯಲ್ಲೂ ಓದಿ ತಲೆಬಾಗುವ ಗ್ರಂಥವೊಂದರ ಸುತ್ತ ಐದು ಹೊತ್ತಿನ ಪ್ರಾರ್ಥನೆ ನಡೆಯುತ್ತಿತ್ತು, ಇಂದಿಗೂ ನಡೆಯುತ್ತದೆ. ಹೊತ್ತನ್ನು ಪ್ರಾರ್ಥನೆಯಿಂದ ಗುರುತಿಸುವ ಅಭ್ಯಾಸಕ್ಕೆ ಪಾವಗಡ, ಮಧುಗಿರಿ, ಕೊರಟಗೆರೆ, ಸಿರಾ ಈ ನಾಲ್ಕು ತಾಲ್ಲೂಕುಗಳು ಹೊರಗಿನವಲ್ಲ.

ಗರಿಗಳ ಮುಂದಿನ ಕಥೆ ಪತ್ತೇದಾರಿಯ ಹಾಗಿದೆ. ಶತಮಾನಗಳ ಕಾಲ ಅವು ಮೂಡುಬಿದಿರೆಯಲ್ಲಿ ಬೀಗದೊಳಗೆ ಇದ್ದವು. ಯಾತ್ರಿಕರಿಗೆ ರತ್ನದ ಬಿಂಬಗಳ ಜೊತೆಗೆ ಇವುಗಳ ದರ್ಶನ. ಕೈಮುಗಿದು ಬರಬೇಕು, ಓದುವಂತಿಲ್ಲ. ಸೊಲ್ಲಾಪುರದ ವರ್ತಕರು ಅಂಥ ಯಾತ್ರೆಗೆ ಬಂದವರು, ಗರಿಗಳು ಮುರಿಯುತ್ತಿರುವುದನ್ನು ನೋಡಿ ತಳಮಳಿಸಿದರು. ವರ್ಷಗಟ್ಟಲೆ ಮಾತುಕತೆಯಾದ ಮೇಲೆ 1896ರಲ್ಲಿ ಪ್ರತಿ ಮಾಡುವ ಕೆಲಸ ಆರಂಭವಾಯಿತು. ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿಗಳಿಗೆ ಹಳಗನ್ನಡದ ಆ ಅಕ್ಷರ ಬರುತ್ತಿತ್ತು. ಅವರ ಜೊತೆಗೆ ಮಿರಜಿನ ಗಜಪತಿ ಉಪಾಧ್ಯಾಯರು. ಬ್ರಹ್ಮಸೂರಿಗಳು ನಡುವೆಯೇ ತೀರಿಕೊಂಡರು. ಕೆಲಸ ಕೈಯಿಂದ ಕೈಗೆ ದಾಟುತ್ತ 1922ರವರೆಗೆ ನಡೆಯಿತು. ಮಹಾಬಂಧವನ್ನು ಪ್ರತಿ ಮಾಡಿದವರು ಮೂಡುಬಿದಿರೆಯ ಲೋಕನಾಥ ಶಾಸ್ತ್ರಿಗಳು. ಪ್ರತಿ ಮಾಡಿದರೂ ಅದನ್ನು ಹೊರಗೆ ಒಯ್ಯಲು ಅಪ್ಪಣೆ ಇರಲಿಲ್ಲ.

ಗಜಪತಿಗಳು ಹಗಲು ಬಸದಿಯಲ್ಲಿ ಬರೆದರು. ಗುಟ್ಟಾಗಿ ಇನ್ನೊಂದು ಪ್ರತಿಯೂ ಕನ್ನಡ ಅಕ್ಷರದಲ್ಲಿ ಸಿದ್ಧವಾಯಿತು, ಅದರಲ್ಲಿ ಅವರ ಮಡದಿ ಲಕ್ಷ್ಮೀಬಾಯಿಯವರ ಕೈಯೂ ಸೇರಿತ್ತು. ದೇಮಿಯಕ್ಕ ಬರೆಸಿ ಎಂಟುನೂರು ವರ್ಷದ ಮೇಲೆ ಮತ್ತೆ ಒಬ್ಬ ಹೆಣ್ಣುಮಗಳು ಈ ಗ್ರಂಥಕ್ಕೆ ಒದಗಿದಳು. ಆ ಪ್ರತಿ ಉತ್ತರಕ್ಕೆ ಹೋಗಿ ಸಹಾರನಪುರದ ಲಾಲಾ ಜಂಬೂಪ್ರಸಾದರ ಮಂದಿರ ಸೇರಿತು. ಅಲ್ಲಿ ಅದನ್ನು ನಾಗರಿಗೆ ತಿರುಗಿಸಲು ಕೂತ ಲಿಪಿಕಾರರಲ್ಲಿ ಸೀತಾರಾಮ ಶಾಸ್ತ್ರಿ ಎಂಬವರು ತಮಗೂ ಒಂದು ಪ್ರತಿ ಇಟ್ಟುಕೊಂಡರು; ಅದರಿಂದ ಮತ್ತಷ್ಟು ಪ್ರತಿಗಳು ಹುಟ್ಟಿ ಊರೂರಿನ ಭಂಡಾರಗಳಿಗೆ ಹರಡಿದವು. ಬೀಗ ಹಾಕಿ ಕಾದವರನ್ನು ಇಲ್ಲಿ ದೂರುವುದು ಸುಲಭ. ಅವರು ಕಾಯದೆ ಇದ್ದಿದ್ದರೆ ಗುಟ್ಟಾಗಿ ಒಯ್ಯಲೂ ಏನೂ ಇರುತ್ತಿರಲಿಲ್ಲ. ನನಗೆ ಇಬ್ಬರೂ ಬೇಕಾದವರೇ.

ಅಮರಾವತಿಯ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದ ಹೀರಾಲಾಲ್ ಜೈನ್ ಅಂಥ ಪ್ರತಿಗಳನ್ನು ಸೇರಿಸಿ 1939ರಲ್ಲಿ ಧವಲಾ ಮೊದಲ ಸಂಪುಟವನ್ನು ಅಚ್ಚು ಹಾಕಿಸಿದರು. ಹದಿನಾರು ಸಂಪುಟ ಮುಗಿಯಲು ಎರಡು ದಶಕ ಹಿಡಿಯಿತು. ಅಚ್ಚಾದದ್ದನ್ನು ಕಂಡು ಮೂಡುಬಿದಿರೆಯವರ ಮನಸ್ಸೂ ಕರಗಿತು. ಮುಂದಿನ ಸಂಪುಟಗಳಿಗೆ ಮೂಲ ಗರಿಗಳನ್ನೇ ನೋಡಿ ಪಾಠ ತಿದ್ದಿಕೊಡಲು ಒಪ್ಪಿದರು, ಲೋಕನಾಥ ಶಾಸ್ತ್ರಿಗಳು ಆ ಕೆಲಸಕ್ಕೆ ಕೂತರು. ಬೆಳಗಾವಿ ಸೀಮೆಯಲ್ಲಿ ಹುಟ್ಟಿದ ಆಚಾರ್ಯ ಶಾಂತಿಸಾಗರರಿಗೆ ಗರಿಗಳನ್ನು ಹುಳು ತಿನ್ನುತ್ತಿದೆ ಎಂಬ ಸುದ್ದಿ ಮುಟ್ಟಿದಾಗ, ಅವರ ಪ್ರೇರಣೆಯಿಂದ ಇಡೀ ಗ್ರಂಥವನ್ನು ತಾಮ್ರದ ಹಾಳೆಗಳಲ್ಲಿ ಕೊರೆಸಿದರು.

ಮೂಲ ಗರಿ ಎಷ್ಟು ಬೆಲೆಯದು ಎಂಬುದು ಮೊದಲ ಸಂಪುಟದ 93ನೆಯ ಸೂತ್ರದಲ್ಲಿ ತಿಳಿದುಬಂತು. ಜೀವ ಮೇಲೇರುವ ಹದಿನಾಲ್ಕು ಗುಣಸ್ಥಾನಗಳಲ್ಲಿ ಹೆಣ್ಣಿಗೆ ಯಾವ ಯಾವುವು ಸಲ್ಲುತ್ತವೆ ಎಂದು ಹೇಳುವ ಸೂತ್ರ ಅದು. ಕೈಯಿಂದ ಕೈಗೆ ಬಂದ ಕಾಗದದ ಪ್ರತಿಗಳಲ್ಲಿ ಪೂರ್ಣ ಸಂಯಮದ ಮೆಟ್ಟಿಲನ್ನು ಹೇಳುವ ‘ಸಂಜದ’ ಎಂಬ ಪದ ಇರಲಿಲ್ಲ. ಟೀಕೆಯ ತರ್ಕ ನೋಡಿದರೆ ಇಲ್ಲಿ ಅದು ಇರಲೇಬೇಕು ಎಂದು ಸಂಪಾದಕರಿಗೆ ಅನಿಸಿತು. ಅಡಿಟಿಪ್ಪಣಿಯಲ್ಲಿ ಹಾಗೆ ಸೂಚಿಸಿದರು. ದೊಡ್ಡ ವಾದವೇ ಎದ್ದಿತು. ಪದ ಸೇರಿಸಿದರೆ ಹೆಣ್ಣಿಗೆ ಆ ಮೆಟ್ಟಿಲನ್ನು ಒಪ್ಪಿದಂತಾಗುತ್ತದೆಂದು ಹಲವರು ಸಿಟ್ಟಾದರು. ಇಲ್ಲಿ ಹೇಳಿದ್ದು ಭಾವದ ಹೆಣ್ತನವನ್ನೇ ಹೊರತು ದೇಹದ್ದನ್ನಲ್ಲ ಎಂದು ದಿಗಂಬರ ಪಂಡಿತರು ವಿವರಿಸಿದರು. ಕೊನೆಗೆ ಮೂಡುಬಿದಿರೆಯಲ್ಲಿ ಗರಿ ಬಿಚ್ಚಿ ನೋಡಿದರು. ಪದ ಇತ್ತು. ಪ್ರತಿ ಮಾಡುವ ದಾರಿಯಲ್ಲೆಲ್ಲೋ ಜಾರಿದ್ದು ತಾಳೆಗರಿಯ ಮೇಲೆ ಅಳಿಯದೆ ಉಳಿದಿತ್ತು. ಹೆಣ್ಣುಮಕ್ಕಳ ನೋಂಪಿಯಿಂದ ಬದುಕಿದ ಗ್ರಂಥದಲ್ಲಿ ಹೆಣ್ಣಿನ ಬಗೆಗಿನ ಸೂತ್ರಕ್ಕೆ ಸಾಕ್ಷಿ ನುಡಿದದ್ದು ಆ ಗರಿಗಳೇ ಎಂಬುದನ್ನು ಓದಿದಾಗಲೆಲ್ಲ ನನಗೆ ದೇಮಿಯಕ್ಕ, ಮಲ್ಲಿಕಬ್ಬೆ, ಲಕ್ಷ್ಮೀಬಾಯಿ ಮೂವರೂ ಒಂದೇ ಜಗಲಿಯ ಮೇಲೆ ಕೂತಂತೆ ಕಾಣುತ್ತದೆ.

ತುಮಕೂರು ಜಿಲ್ಲೆಯ ಶಾಲೆಗಳಿಂದ ಮಕ್ಕಳು ಪ್ರವಾಸಕ್ಕೆ ಮೂಡುಬಿದಿರೆಗೆ ಹೋಗುತ್ತಾರೆ. 1430ರಲ್ಲಿ ಕಟ್ಟಿದ ಸಾವಿರ ಕಂಬದ ಬಸದಿಯ ಮೆಟ್ಟಿಲ ಮೇಲೆ ಸಾಲಾಗಿ ನಿಂತು ಫೋಟೊ ತೆಗೆಸಿಕೊಂಡು, ಕಂಬ ಎಣಿಸಿ, ಧರ್ಮಸ್ಥಳದ ಬಸ್ಸು ಹತ್ತುತ್ತಾರೆ. ಗುರುಬಸದಿ ಅದೇ ಬೀದಿಗಳ ನಡುವೆ ಇದೆ. ತಾಳೆಗರಿಗಳ ಭಂಡಾರವಿರುವ ರಮಾರಾಣಿ ಜೈನ್ ಶೋಧ ಸಂಸ್ಥಾನವೂ ಅದೇ ಊರಿನಲ್ಲಿದೆ. ನಿಡುಗಲ್ಲು, ಪಾಟಶಿವರಂ, ಅಮರಾಪುರಗಳ ಕಲ್ಲಿನ ಮೇಲೆ ಹೆಸರು ಬರೆಸಿದ ಗುರುಗಳು ಯಾವ ಬಗೆಯ ಗ್ರಂಥವನ್ನು ಮಂಡಿಯ ಮೇಲೆ ಇಟ್ಟು ಓದಿದರು ಎಂದು ನಮ್ಮ ಮಕ್ಕಳಿಗೆ ತೋರಿಸಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಬಸ್ಸು ಹೊರಡುವ ಮುಂಚೆ ಮೇಷ್ಟ್ರುಗಳು ಒಂದು ಗಂಟೆ ಹೆಚ್ಚಿಗೆ ಇಟ್ಟುಕೊಂಡು, ದೇಮಿಯಕ್ಕ ಬರೆಸಿದ ಗರಿಗಳನ್ನು ನೋಡಬೇಕೆಂದು ಹೆಸರು ಹಿಡಿದು ಕೇಳಲಿ.